ಅವನಿಗೆ ಹೇಳು

ಡಾಕ್ಟರು ನನ್ನ ನಾಲಿಗೆಯನ್ನು ಬಟ್ಟೆಯ ತುಂಡಿನಲ್ಲಿ ಹಿಡಿದು ಹೊರಗೆಳೆದು, ಪುಟ್ಟ ಕನ್ನಡಿಯೊಂದನ್ನು ಗಂಟಲಿಗೆ ಇಳಿಸಿ, “ಈ ಅನ್ನಿ” ಎಂದರು. ನಾಲಿಗೆ ಅವರ ಕೈಯಲ್ಲಿದ್ದರೆ ನಾನು ಈ ಅನ್ನುವುದು ಹೇಗೆ? ಆದರೂ ಅಂದೆ. ಎಣ್ಣೆ ಕಾಣದ ಬಾಗಿಲು ತೆರೆದಂಥ ಸದ್ದೊಂದು ಬಂತು. ಡಾಕ್ಟರು ನಾಲಿಗೆ ಬಿಟ್ಟು ಕೈ ತೊಳೆದುಕೊಂಡರು.

“ಏನು ಕೆಲಸ ಮಾಡ್ತೀರಮ್ಮ? ಟೀಚರಾ?”

“ಅಲ್ಲ.”

“ತರಕಾರಿ ಮಾರ್ತೀರಾ, ಕೂಗಿ ಕೂಗಿ?”

“ಅದೂ ಅಲ್ಲ ಡಾಕ್ಟ್ರೇ. ನಮ್ಮೆಜಮಾನ್ರು ಬೈಕ್ ಮೆಕ್ಯಾನಿಕ್. ಅವರ ತಮ್ಮ ಅದೇ ಶೆಡ್ಡಲ್ಲಿ ಗಾಡಿಗಳಿಗೆ ಬಣ್ಣ ಹೊಡೀತಾನೆ. ಅಣ್ಣ ತಮ್ಮನಿಗೆ ಮಾತಿಲ್ಲ. ಅವರ ಮಾತು ಇವನಿಗೆ, ಇವನ ಮಾತು ಅವರಿಗೆ ಮುಟ್ಟಿಸೋದೇ ನನ್ನ ಕೆಲಸ. ಬೆಳಗಿಂದ ಸಂಜೆ ತನಕ, ಕಂಪ್ರೆಸರ್ ಸದ್ದಿನ ಮೇಲೆ.”

ಡಾಕ್ಟರಿಗೆ ನಗು ಬಂತು. ನಗಲಿ ಬಿಡಿ, ಕೇಳಿದವರೆಲ್ಲ ನಗುತ್ತಾರೆ. ಆದರೆ ಅವರ ನಗು ಬೇಗ ನಿಂತಿತು. ಚಪ್ಪಲಿ ಕಚ್ಚಿದ ಕಾಲಿಗೆ ಆಣಿ ಏಳುವ ಹಾಗೆ ದನಿ ಹೊರಡುವ ಜಾಗದಲ್ಲಿ ಎರಡು ಗಂಟು ಎದ್ದಿವೆಯಂತೆ. ಒಂದರ ಮೇಲೆ ರಕ್ತ ಕಟ್ಟಿದೆಯಂತೆ.

“ಇವತ್ತಿಂದ ಬಾಯಿಗೆ ಬೀಗ. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಸುಮ್ಮನಿದ್ರೆ ತಾನಾಗೇ ಕರಗಬಹುದು. ಕೂಗಾಡಿ ಒಡ್ಕೊಂಡ್ರೆ ಕತ್ತರಿಸಬೇಕಾಗುತ್ತೆ. ಕತ್ತರಿಸಿದ ಮೇಲೆ ದನಿ ಹೇಗಿರುತ್ತೆ, ಇರುತ್ತೋ ಇಲ್ವೋ, ನಾನು ಹೇಳಲಾರೆ.”

ನನಗೆ ನಿಜವಾಗಿ ಹೆದರಿಕೆಯಾಯಿತು. ಕಣ್ಣು ಮಂದವಾಗಿದೆ, ಮೊಣಕಾಲು ಸವೆದಿದೆ, ಜಡೆ ಉದುರಿ ಇಲಿಬಾಲವಾಗಿದೆ. ಅವಕ್ಕೆಲ್ಲ ಅತ್ತವಳಲ್ಲ ನಾನು. ಆದರೆ ಮಾತು ನನ್ನ ಸ್ವಂತದ್ದು. ಬೀದಿಯ ನಲ್ಲಿಯ ಹತ್ತಿರ ನಾನು ಬಾಯಿ ತೆರೆದರೆ ಹೆಂಗಸರು ತುಂಬಿದ ಕೊಡ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆ ದನಿಯೇ ಹೋದರೆ ನನ್ನಲ್ಲಿ ಉಳಿಯುವುದೇನು? ಬಸ್ಸಿನಲ್ಲಿ ಬೆರಳು ತೋರಿಸಿ ಟಿಕೆಟ್ ತೆಗೆದುಕೊಂಡೆ. ಕಂಡಕ್ಟರು ನನ್ನನ್ನು ಮೂಗಿ ಎಂದುಕೊಂಡು ಒಬ್ಬನನ್ನು ಎಬ್ಬಿಸಿ ಸೀಟು ಕೊಡಿಸಿದ.

ನಮ್ಮ ಶೆಡ್ಡು ಮನೆಯ ಮುಂಭಾಗಕ್ಕೇ ಅಂಟಿಕೊಂಡಿದೆ. ಮೇಲೆ ತಗಡು, ನಡುವೆ ಒಂದು ಪ್ಲಾಸ್ಟಿಕ್ ಪರದೆ. ಪರದೆಯ ಈಚೆ ಆಯಿಲು, ಗ್ರೀಸು, ನಮ್ಮೆಜಮಾನರು. ಆಚೆ ಥಿನ್ನರ್ ವಾಸನೆ, ಬಣ್ಣ ಚಿಮ್ಮಿಸಲು ಗಾಳಿ ತುಂಬುವ ಕಂಪ್ರೆಸರ್, ನನ್ನ ಮೈದುನ. ನಾನು ಒಳಗೆ ಕಾಲಿಟ್ಟಾಗ ನಮ್ಮೆಜಮಾನರು ನರ್ಸಮ್ಮನ ಬೈಕಿನ ಕೆಳಗೆ ಕೂತು ಬೋಲ್ಟ್ ಬಿಗಿಯುತ್ತಿದ್ದರು.

“ಏನಂದ್ರು?” ಎಂದರು.

ಕೊನೆಯ ಸಲ ಎಂದುಕೊಂಡು ಸಣ್ಣ ದನಿಯಲ್ಲಿ ಎಲ್ಲ ಹೇಳಿದೆ. ಅವರು ಸ್ಪಾನರ್ ಕೆಳಗಿಟ್ಟರು. ಮುಖ ಜೋತುಬಿತ್ತು. ಸುಳ್ಳು ಯಾಕೆ ಹೇಳಲಿ, ಮನುಷ್ಯನಿಗೆ ನನ್ನ ಮೇಲೆ ಪ್ರೀತಿ ಇದೆ.

“ಹಾಗಾದ್ರೆ ಒಂದು ಮಾತೂ ಆಡ್ಬೇಡ ಕಣೇ. ತುಟಿ ಪಿಟಕ್ ಅನ್ನಬೇಡ,” ಎಂದರು. ಆಮೇಲೆ ಪರದೆಯ ಕಡೆ ಗಲ್ಲ ತಿರುಗಿಸಿ, “ಅವನಿಗೂ ಹೇಳ್ಬಿಡು, ನೀನು ಮಾತಾಡೋ ಹಾಗಿಲ್ಲ ಅಂತ,” ಎಂದರು.

ನೋಡಿ ಹೇಗಿದೆ! ಹೋದೆ. ಪರದೆ ಸರಿಸಿ ಮೈದುನನಿಗೆ ಮೊದಲಿನಿಂದ ಹೇಳಿದೆ. ಅವನು ಸ್ಪ್ರೇ ಗನ್ ಹಿಡಿದುಕೊಂಡೇ ಬಾಯಿ ತೆರೆದು ನಿಂತ.

“ಅಯ್ಯೋ ಅತ್ತಿಗೆ! ಬಾಯೇ ತೆರೀಬೇಡಿ ಇನ್ಮೇಲೆ. ಅವರಿಗೂ ಹೇಳಿ, ಸುಮ್ಮಸುಮ್ಮನೆ ನಿಮ್ಮನ್ನ ಕೂಗಬಾರದು ಅಂತ.”

ಇವರಿಬ್ಬರ ಮಾತು ನಿಂತು ಎಷ್ಟು ವರ್ಷವಾಯಿತೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ಆಗ ಮೈದುನನಿಗೆ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗಿ ಲಕ್ಷಣವಾಗಿದ್ದಳು, ಇವನಿಗೂ ಮನಸ್ಸಾಗಿತ್ತು. ಹುಡುಗಿಯ ಅಪ್ಪ ಶೆಡ್ಡಿಗೆ ಬಂದು, ಹುಡುಗ ಹೇಗೆ ಎಂದು ನಮ್ಮೆಜಮಾನರನ್ನು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಒಳ್ಳೆ ಮಾತಾಡಿ ಕಳಿಸುತ್ತಿದ್ದರು. ಇವರು, “ಈಗ ಇವನೊಬ್ಬನನ್ನ ಸಾಕ್ತಿದೀನಿ, ಮುಂದೆ ಇಬ್ಬರನ್ನ ಸಾಕ್ಬೇಕು, ಅಷ್ಟೇ” ಎಂದು ಹಲ್ಲು ಕಿರಿದರು. ತಮಾಷೆಗಂತೆ! ಆ ಮನುಷ್ಯ, ನಾನು ಕೊಟ್ಟ ಚಹಾ ಅರ್ಧ ಬಿಟ್ಟು ಎದ್ದುಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮೈದುನನಿಗೆ ಆಮೇಲೆ ಮದುವೆಯೇ ಆಗಲಿಲ್ಲ. ಅವತ್ತಿನಿಂದ ಅಣ್ಣನ ಜೊತೆ ಮಾತು ಬಿಟ್ಟ. ಇವರಿಗೂ ಹಟ. ತಪ್ಪಾಯ್ತು ಅನ್ನುವ ಒಂದು ಮಾತು ಆಡಿದ್ದರೆ ಅವತ್ತೇ ಮುಗಿಯುತ್ತಿತ್ತು. ಹಲ್ಲು ಕಿತ್ತರೂ ಆ ಮಾತು ಬರಲಿಲ್ಲ.

ಮಾತು ಬಿಟ್ಟರೇ ಹೊರತು ಕೆಲಸ ಬಿಡಲಿಲ್ಲ, ಮನೆ ಬಿಡಲಿಲ್ಲ, ನನ್ನ ಕೈ ಅಡುಗೆ ಬಿಡಲಿಲ್ಲ. ಒಬ್ಬರು ಕೆಳಗೆ, ಇನ್ನೊಬ್ಬ ಮೇಲಿನ ಕೋಣೆಯಲ್ಲಿ. ನಡುವೆ ಮೆಟ್ಟಿಲು ಹತ್ತಿ ಇಳಿಯುವವಳು ನಾನು. ಅವನಿಗೆ ಹೇಳು, ಅವರಿಗೆ ಹೇಳಿ. ಅವನನ್ನ ಕೇಳು, ಅವರನ್ನ ಕೇಳಿ. ಒಬ್ಬರಾಡಿದ್ದು ಇನ್ನೊಬ್ಬರ ಕಿವಿಗೆ ನೇರವಾಗಿಯೇ ಬಿದ್ದಿರುತ್ತದೆ, ಒಂದು ಮಾರು ದೂರದಲ್ಲಿ ನಿಂತಿರುತ್ತಾರೆ, ಆದರೂ ನನ್ನ ಬಾಯಿಂದ ಬರುವ ತನಕ ಅದು ಮಾತೇ ಅಲ್ಲ! ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವರಿಬ್ಬರ ಕೈ ಕೆಸರಾಗಿ ನನ್ನ ಬಾಯಿ ಹುಣ್ಣಾಯಿತು.

ಕಂಪ್ರೆಸರ್ ಓಡುವಾಗ ಮಾತ್ರ ಅವರ ಮಾತು ಪರದೆ ದಾಟುವುದಿಲ್ಲ. ಆಗ ನಾನು ಜರಡಿ ಹಿಡಿಯುತ್ತೇನೆ. “ಆ ಕತ್ತೆಗೆ ಹೇಳು, ಹ್ಯಾಂಡಲ್ ಮೇಲೆಲ್ಲ ಬಣ್ಣ ಸಿಡಿಸಿದಾನೆ” ಎಂದು ಇವರು ಅಂದರೆ, “ಹ್ಯಾಂಡಲ್ ಸ್ವಲ್ಪ ಒರೆಸಬೇಕಂತೆ ಕಣಪ್ಪ” ಎಂದು ಅಲ್ಲಿ ಹೇಳುತ್ತೇನೆ. ಕತ್ತೆಯನ್ನು ಪರದೆಯ ಈಚೆಯೇ ಕಟ್ಟಿಹಾಕಿರುತ್ತೇನೆ. ಇಲ್ಲದಿದ್ದರೆ ಶೆಡ್ಡು ಯಾವತ್ತೋ ಎರಡಾಗುತ್ತಿತ್ತು.

ನರ್ಸಮ್ಮ ಅಂದರೆ ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಬಟ್ಟೆ ಕಟ್ಟುವಾಕೆ. ಅವರ ಬೈಕಿನ ಎಂಜಿನ್ ಆಯಿಲಿಲ್ಲದೆ ಓಡಿ ಕಚ್ಚಿಕೊಂಡು ಸತ್ತಿತ್ತು. ಅಪಘಾತದಲ್ಲಿ ಮುರಿದ ಬೇರೊಂದು ಗಾಡಿಯ ಒಳ್ಳೆ ಎಂಜಿನ್ ನಮ್ಮೆಜಮಾನರಿಗೆ ಸಿಕ್ಕಿತು. ಹೇಗೂ ಎಲ್ಲ ಬಿಚ್ಚಿದ್ದಾಯಿತಲ್ಲ ಎಂದು ಎಂಜಿನ್ ಹೊರುವ ಕಬ್ಬಿಣದ ಚಾಸಿಯನ್ನೂ ಎಂಜಿನ್ನಿನ ಮೈಯನ್ನೂ ಉಜ್ಜಿ ಮೈದುನನಿಂದ ಹೊಸ ಬಣ್ಣ ಹೊಡೆಸಿದ್ದರು. ಅಷ್ಟು ದಿನವೂ ನರ್ಸಮ್ಮ ಭಾರದ ಚೀಲ ಹೊತ್ತುಕೊಂಡು ನಡೆದೇ ತಿರುಗಿದರು. ನನ್ನ ದನಿ ಕೇಳಿ, “ಇದು ಶೀತ ಅಲ್ಲ, ಮೊದಲು ಹೋಗಿ ತೋರಿಸಿ” ಎಂದು ಡಾಕ್ಟರ ಹತ್ತಿರ ಅಟ್ಟಿದವರೂ ಅವರೇ. ಆ ದಿನ ಮಧ್ಯಾಹ್ನ ಅವರಿಗೆ ಗಾಡಿ ಕೊಡುವ ಮಾತಾಗಿತ್ತು.

“ಇದೊಂದು ಗಾಡಿ ಹೊರಗೆ ಹೋಗ್ಲಿ ಕಣೇ,” ಎಂದರು ನಮ್ಮೆಜಮಾನರು, ನನ್ನ ಮುಖ ನೋಡದೆ. “ಆಮೇಲೆ ಪೂರ್ತಿ ರೆಸ್ಟ್ ತಗೋ. ಅವನಿಗೆ ಹೇಳು, ಟ್ಯಾಂಕ್ ತರಲಿ.”

ಬಾಯಿ ಮುಚ್ಚಿ ಒಳಗೆ ಹೋಗಿ ಮಲಗಬೇಕಿತ್ತು. ಮಲಗಲಿಲ್ಲ. ಯಾಕೆ ಅಂದರೆ ಏನು ಹೇಳಲಿ, ಗಾಣದ ಎತ್ತಿಗೆ ನೊಗ ಬಿಚ್ಚಿದರೂ ಅದು ಸುತ್ತುತ್ತದೆ.

“ಟ್ಯಾಂಕ್ ತರಬೇಕಂತೆ,” ಎಂದೆ.

“ಅವರಿಗೆ ಹೇಳಿ, ಇನ್ನೂ ಹಸಿ ಇದೆ. ಬೆರಳಚ್ಚು ಬಿದ್ರೆ ನನ್ನ ಕೇಳಬಾರದು.”

“ಹಸಿ ಇದೆಯಂತೆ.”

“ಒಣಗಿಸೋಕೆ ಸೂರ್ಯನ್ನ ಕೆಳಗಿಳಿಸಿ ಕೊಡಬೇಕಾ ಕೇಳು ಅವನನ್ನ.”

“ಸ್ವಲ್ಪ ಬೇಗ ಆದ್ರೆ ಒಳ್ಳೇದಂತೆ ಕಣಪ್ಪ.”

ಹೀಗೇ ನಡೆಯಿತು, ಕಂಪ್ರೆಸರ್ ಓಡುತ್ತಲೇ ಇತ್ತು. ಪ್ರತಿ ಮಾತಿಗೂ ಗಂಟಲಲ್ಲಿ ಮರಳು ತಿಕ್ಕಿದಂತಾಗುತ್ತಿತ್ತು. ಮೂರು ಮಾತಿಗೆ ಒಂದು ಸದ್ದಿಲ್ಲದೆ ಬರೀ ಗಾಳಿಯಾಗಿ ಹೋಗುತ್ತಿತ್ತು, ಅದನ್ನು ಮತ್ತೆ ಹೇಳಬೇಕಾಗುತ್ತಿತ್ತು. ಟ್ಯಾಂಕ್ ಕೂರಿಸಿದರು, ಬ್ಯಾಟರಿ ಇಟ್ಟರು, ಕ್ಲಚ್ ಕೇಬಲ್ ಎಳೆದು ಹ್ಯಾಂಡಲ್ಲಿಗೆ ಸಿಕ್ಕಿಸಿದರು. ಗ್ರೀಸು ಹಚ್ಚಿದ ಬೋಲ್ಟುಗಳನ್ನು ಎತ್ತಿಕೊಟ್ಟವಳೂ ನಾನೇ. ನರ್ಸಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಬಂದು ನನ್ನ ದನಿ ಕೇಳಿದ್ದೇ ಹುಬ್ಬು ಗಂಟಿಕ್ಕಿದರು.

“ಡಾಕ್ಟರ ಹತ್ರ ಹೋಗಿದ್ರಾ? ಏನಂದ್ರು?”

ನಾನು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ.

“ಮತ್ತೆ ಮಾತಾಡ್ತಿದೀರಲ್ರೀ! ತಲೆ ಗಿಲೆ ಕೆಟ್ಟಿದೆಯಾ?”

“ಇನ್ನೇನು ಆಯ್ತು ನರ್ಸಮ್ಮ, ಸೆಲ್ಫ್ ಹೊಡೆದ್ರೆ ಮುಗೀತು,” ಎಂದು ನಮ್ಮೆಜಮಾನರು ಗಾಡಿ ಹತ್ತಿ ಕೂತರು. ಮೈದುನ ಪರದೆಯ ಅಂಚಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ. ಗಾಡಿ ಚೆನ್ನಾಗಿ ಕಾಣುತ್ತಿತ್ತು. ಗಾಢ ನೀಲಿ ಚಾಸಿ, ಬೂದಿ ಬಣ್ಣದ ಎಂಜಿನ್, ಎಲ್ಲೂ ಒಂದು ಹನಿ ಸೋರಿದ ಗುರುತಿಲ್ಲ.

ನಮ್ಮೆಜಮಾನರು ಕ್ಲಚ್ ಹಿಡಿದು ಬಟನ್ ಒತ್ತಿದರು. ಟಕ್ ಎಂದಿತು, ಅಷ್ಟೇ. ಮುಂದಿನ ದೀಪ ಮಂಕಾಯಿತು. ಮತ್ತೆ ಒತ್ತಿದರು, ಟಕ್. ಬ್ಯಾಟರಿ ಹೊಸದು, ಅದರ ತಪ್ಪಿರಲಾರದು ಎಂದು ಗೊಣಗಿಕೊಂಡು ಮೂರನೆಯ ಸಲ ಬಟನ್ನಿನ ಮೇಲೆ ಬೆರಳಿಟ್ಟು ಹಾಗೇ ಹಿಡಿದರು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಕ್ಲಚ್ ಕೇಬಲ್ಲಿನ ಕರಿಯ ಹೊದಿಕೆಯಿಂದ ಸಣ್ಣ ಹೊಗೆ ಎದ್ದಿತು. ಇವರು ಮುಟ್ಟಿ ನೋಡಿ, “ಅಯ್ಯಯ್ಯೋ!” ಎಂದು ಬೆರಳು ಬಾಯಿಗಿಟ್ಟುಕೊಂಡರು.

ಗಾಡಿಯಿಂದಿಳಿದು ಒಂದು ದಪ್ಪ ವೈರ್ ತಂದರು. ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿ ಇನ್ನೊಂದನ್ನು ಎಂಜಿನ್ನಿನ ಬೋಳು ಬೋಲ್ಟಿಗೆ ಒತ್ತಿ ಹಿಡಿದು, ನನಗೆ ಬಟನ್ ಒತ್ತಲು ಸನ್ನೆ ಮಾಡಿದರು. ಒತ್ತಿದೆ. ಎಂಜಿನ್ ಗರ್ ಎಂದು ತಿರುಗಿತು. ಇವರು ವೈರ್ ತೆಗೆದರು. ಟಾರ್ಚ್ ಹಿಡಿದು ಎಂಜಿನ್ನಿನ ಹಿಂದೆ ಇಣುಕಿದರು. ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಆ ಮೌನ ನನಗೆ ಗೊತ್ತು, ಅದರ ಹಿಂದೆಯೇ ಸಿಡಿಲು ಬರುತ್ತದೆ.

“ಏನಾಯ್ತು?” ಎಂದರು ನರ್ಸಮ್ಮ.

“ಅರ್ತ್ ಇಲ್ಲ ನರ್ಸಮ್ಮ. ಬ್ಯಾಟರಿಯಿಂದ ಹೋದ ಕರೆಂಟು ಎಂಜಿನ್ನಿಂದ ಚಾಸಿಗೆ ಇಳಿದು, ಚಾಸಿಯಿಂದ ಬ್ಯಾಟರಿಗೆ ವಾಪಸ್ ಬರ್ಬೇಕು. ಅದಕ್ಕೆ ಕಬ್ಬಿಣಕ್ಕೆ ಕಬ್ಬಿಣ ತಾಗಿರ್ಬೇಕು. ಇಲ್ಲಿ ನಡುವೆ ಬಣ್ಣ ಕೂತಿದೆ. ಬಣ್ಣದ ಮೇಲೆ ರಬ್ಬರ್ ಬೇರೆ! ಅರ್ತ್ ವೈರನ್ನೂ ಬಣ್ಣದ ಮೇಲೇ ಬಿಗಿದಿದೆ. ದೊಡ್ಡ ದಾರಿ ಮುಚ್ಚಿದ್ರೆ ಕರೆಂಟು ಸುಮ್ಮನಿರುತ್ತಾ? ಎಂಜಿನ್ನಿಂದ ಹ್ಯಾಂಡಲಿಗೆ ಹೋಗಿರೋ ಈ ಕ್ಲಚ್ ಕೇಬಲ್ ಹಿಡ್ಕೊಂಡು ವಾಪಸ್ ಹೊರಟಿದೆ. ಇದು ಕ್ಲಚ್ ಎಳೆಯೋಕೆ ಇರೋ ತಂತಿ, ಅಷ್ಟು ಕರೆಂಟು ಹೊರೋಕಲ್ಲ. ಸುಟ್ಟುಹೋಯ್ತು.”

ನನಗೆ ಆ ಕೇಬಲ್ಲಿನ ಮೇಲೆ ಕನಿಕರ ಬಂತು. ಎರಡು ದಪ್ಪ ಕಬ್ಬಿಣಗಳು ಒಂದನ್ನೊಂದು ಮುಟ್ಟುವುದಿಲ್ಲ ಎಂದು ಕೂತರೆ ನಡುವಿನ ಬಡಪಾಯಿ ತಂತಿ ಸುಡುತ್ತದೆ ಅನ್ನುವುದನ್ನು ನನಗೆ ಬೇರೆ ಹೇಳಿಕೊಡಬೇಕೆ!

ನಮ್ಮೆಜಮಾನರು ಎದ್ದರು. ಎದುರಿಗೇ ತಮ್ಮ ನಿಂತಿದ್ದರೂ ಇವರ ಕಣ್ಣು ನನ್ನ ಮೇಲೆ.

“ಅವನಿಗೆ ಹೇಳು! ಹಿಂದಿನ ಬೋಲ್ಟ್ ಹತ್ರ ನಾಣ್ಯದಗಲ ಜಾಗ ಮುಟ್ಟಬೇಡ, ಟೇಪ್ ಅಂಟಿಸು, ಬರೀ ಕಬ್ಬಿಣ ಇರಲಿ ಅಂತ ಬಾಯಿ ಬಡ್ಕೊಂಡಿದ್ದೆ ನಾನು! ಬೇಕು ಅಂತಲೇ ಮಾಡಿದಾನೆ. ನನ್ನ ಕೆಲಸ ಹಾಳಾಗ್ಲಿ ಅಂತ!”

“ಅವರಿಗೆ ಹೇಳಿ ಅತ್ತಿಗೆ!” ಮೈದುನನ ಕತ್ತಿನ ನರ ಉಬ್ಬಿತು. “ಹಿಂದಿನ ಬೋಲ್ಟ್ ಹತ್ರ ಜೋಪಾನ ಅಂತ ಹೇಳಿ ಕಳಿಸಿದ್ದು ಅವರೇ. ಅದಕ್ಕೇ ಅಲ್ಲಿ ಎರಡು ಕೋಟ್ ಜಾಸ್ತಿ ಹೊಡೆದಿದೀನಿ. ಬಿಗಿಯುವಾಗ ಬಣ್ಣ ಏಳಬಾರದು ಅಂತ ಟ್ಯೂಬ್ ಕತ್ತರಿಸಿ ರಬ್ಬರ್ ಕೊಟ್ಟಿದೀನಿ. ಈಗ ನನ್ನ ತಲೆಗೆ ಕಟ್ತಾರೆ!”

“ಸುಳ್ಳ ಅಂತ ಹೇಳು ಅವನಿಗೆ!”

“ಸುಳ್ಳು ಹೇಳಿ ಮನೆ ಮುರಿಯೋರು ಯಾರು ಅಂತ ಊರಿಗೇ ಗೊತ್ತು ಅಂತ ಹೇಳಿ ಅವರಿಗೆ!”

ಬಣ್ಣ ಹೊಡೆದ ದಿನ ನೆನಪಾಯಿತು. ಅವತ್ತು ಗಂಟಲು ಕೆಂಡವಾಗಿತ್ತು, ಕಂಪ್ರೆಸರ್ ಬೊಬ್ಬೆ ಹೊಡೆಯುತ್ತಿತ್ತು. ಇವರು ಈಚೆ ನಿಂತು ಕೊಟ್ಟ ಮಾತು ಉದ್ದ ಇತ್ತು: ಮುಟ್ಟಬೇಡ, ಟೇಪು, ನಾಣ್ಯದಗಲ, ಕಬ್ಬಿಣ, ಮುಟ್ಟಿದರೆ ಕೈ ಮುರಿಯುತ್ತೇನೆ. ಕೈ ಮುರಿಯುವುದನ್ನು ಎಂದಿನಂತೆ ಜರಡಿಯಲ್ಲಿ ತೆಗೆದೆ. ಉಳಿದದ್ದನ್ನು ಹೇಳಲು ದನಿ ಸಾಲಲಿಲ್ಲ. “ಹಿಂದಿನ ಬೋಲ್ಟ್ ಹತ್ರ ಸ್ವಲ್ಪ ಜೋಪಾನ ಅಂತೆ” ಎಂದೆ. ಮೈದುನ ತಲೆಯಾಡಿಸಿದ. ಪಾಪ, ಜೋಪಾನವಾಗಿಯೇ ಮಾಡಿದ್ದಾನೆ!

ಹೇಳಿಬಿಡೋಣ ಎಂದುಕೊಂಡೆ. ಒಂದೇ ಮಾತು, “ತಪ್ಪು ನಂದು.” ಇಬ್ಬರ ಕೂಗಾಟದ ಮೇಲೆ ಕೇಳಬೇಕಲ್ಲ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ. ಗಂಟಲೊಳಗೆ ಏನೋ ಪಟ್ ಎಂದಿತು. ಬಾಯಿಗೆ ರಕ್ತದ ರುಚಿ ಬಂತು. ಸದ್ದು ಬರಲಿಲ್ಲ. ಮತ್ತೆ ಬಾಯಿ ತೆರೆದೆ. ಬರೀ ಗಾಳಿ.

ಅವರಿಗೆ ಅದರ ಪರಿವೆಯೇ ಇಲ್ಲ.

“ಹೇಳೇ, ಯಾಕೆ ಸುಮ್ಮನೆ ನಿಂತಿದೀಯ?”

“ಹೇಳಿ ಅತ್ತಿಗೆ, ಹೇಳಿ ಅವರಿಗೆ!”

“ನಿಮ್ಮಿಬ್ಬರಿಗೂ ಕಣ್ಣಿಲ್ವೇನ್ರೀ?” ನರ್ಸಮ್ಮ ಚೀಲ ಕೆಳಗೆ ಬಿಸಾಡಿ ಬಂದು ನನ್ನ ತೋಳು ಹಿಡಿದರು. “ಆಕೆ ದನಿ ಹೋಗಿದೆ! ಬಾಯಲ್ಲಿ ರಕ್ತ ನೋಡಿ!”

ಇಬ್ಬರೂ ಗಪ್ಪಾದರು. ಮೈದುನ ಹೋಗಿ ಕಂಪ್ರೆಸರ್ ಆರಿಸಿದ. ನಮ್ಮೆಜಮಾನರ ಮುಖದಲ್ಲಿ ಬಣ್ಣ ಉಳಿಯಲಿಲ್ಲ. ನನ್ನ ಹತ್ತಿರ ಬಂದರು, ಏನು ಮಾಡಬೇಕೋ ತೋಚದೆ ಅತ್ತಿತ್ತ ನೋಡಿದರು. ಆಮೇಲೆ ನರ್ಸಮ್ಮನ ಕಡೆ ತಿರುಗಿ ಹೇಳಿದರು:

“ನರ್ಸಮ್ಮ, ಅವನಿಗೆ ಹೇಳಿ, ಒಳಗಿಂದ ಬೇಗ ನೀರು ತರಲಿ.”

ನರ್ಸಮ್ಮ ಒಳ್ಳೆಯ ಹೆಂಗಸು. ಗಾಬರಿಯಲ್ಲಿ ಯೋಚಿಸದೆ ಮೈದುನನ ಕಡೆ ತಿರುಗಿ, “ನೀರು ತರಬೇಕ...” ಎಂದು ಶುರುಮಾಡಿದರು.

ನಾನು ಅವರ ಬಾಯಿ ಮುಚ್ಚಿದೆ. ಹೌದು, ನನ್ನ ಕೈಯಿಂದ ಅವರ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿದೆ. ಗ್ರೀಸಿನ ಕೈ, ಅವರ ಗಲ್ಲದ ಮೇಲೆಲ್ಲ ಕಪ್ಪಾಯಿತು. ಈ ಬಾವಿಗೆ ನಾನು ಬಿದ್ದದ್ದು ಸಾಕು, ಇನ್ನೊಬ್ಬಳು ಬೀಳುವುದು ಬೇಡ. ಅಷ್ಟು ಸಿಟ್ಟು ನನಗೆ ಹುಟ್ಟಿದಂದಿನಿಂದ ಬಂದಿರಲಿಲ್ಲ. ನಿತ್ರಾಣವೂ ಅಷ್ಟೇ ಇತ್ತು. ಕೈ ತೆಗೆಯದೆ ನಮ್ಮೆಜಮಾನರನ್ನು ನೋಡಿದೆ, ಮೈದುನನನ್ನು ನೋಡಿದೆ. ನೀರು ಅನ್ನುವ ಮಾತು ಎಲ್ಲರಿಗೂ ಕೇಳಿಸಿತ್ತು. ಮೈದುನ ತಾನಾಗಿಯೇ ಒಳಗೋಡಿ ಲೋಟ ತಂದ.

ನೀರು ಮುಕ್ಕಳಿಸಿದೆ. ಆಮೇಲೆ ನನ್ನ ಎದೆ ಬಡಿದುಕೊಂಡು ತೋರಿಸಿದೆ. ಹಿಂದಿನ ಬೋಲ್ಟ್ ತೋರಿಸಿದೆ, ನನ್ನ ಬಾಯಿ ತೋರಿಸಿದೆ, ಕತ್ತರಿಯ ಹಾಗೆ ಎರಡು ಬೆರಳು ಆಡಿಸಿದೆ. ನಮ್ಮೆಜಮಾನರು ಹುಬ್ಬು ಗಂಟಿಕ್ಕಿ ನೋಡುತ್ತಲೇ ಇದ್ದರು.

“ನೀನು ಪೂರ್ತಿ ಹೇಳಲಿಲ್ವಾ?”

ಇಲ್ಲ ಎಂದು ತಲೆಯಾಡಿಸಿದೆ.

“ಹಾಗಾದ್ರೆ ಅವರು ಹೇಳಿದ್ದಾದ್ರೂ ಏನು ಅತ್ತಿಗೆ?” ಎಂದ ಮೈದುನ.

ನಾನು ಏನೆಂದು ಹೇಳಲಿ, ಯಾವ ಬಾಯಿಂದ ಹೇಳಲಿ? ನಮ್ಮೆಜಮಾನರ ಕಡೆ ಕೈ ತೋರಿಸಿ ಅಲ್ಲೇ ಟೈರಿನ ಮೇಲೆ ಕೂತೆ. ಹೇಳಲಿ ಇಲ್ಲವೇ ಹಾಳಾಗಿ ಹೋಗಲಿ. ನನಗೆ ಸಾಕಾಗಿತ್ತು.

ನಮ್ಮೆಜಮಾನರು ಗಾಡಿಯ ಟ್ಯಾಂಕನ್ನು ನೋಡಿಕೊಂಡು, ಟ್ಯಾಂಕಿಗೆ ಹೇಳುವವರ ಹಾಗೆ ಹೇಳಿದರು:

“ಮುಟ್ಟಬೇಡ ಅಂತ.”

ಮೈದುನನೂ ಟ್ಯಾಂಕನ್ನೇ ನೋಡಿದ.

“ಹಾಗಂತ ಗೊತ್ತಿದ್ರೆ ಮುಟ್ತಿರಲಿಲ್ಲ.”

“ಹ್ಞೂಂ.”

ಮೈದುನ ಗೂಡಿನಿಂದ ಬಣ್ಣ ಉಜ್ಜುವ ಎಮರಿ ಕಾಗದ ತೆಗೆದ.

“ಈಗ ಎಷ್ಟಗಲ ಉಜ್ಜಬೇಕು?” ಎಂದ ಮೈದುನ.

“ಬೋಲ್ಟ್ ಕೂರೋವಷ್ಟು. ಎರಡೂ ಕಡೆ. ರಬ್ಬರ್ ತೆಗಿ. ಅರ್ತ್ ವೈರಿನ ಕಾಲೂರೋ ಜಾಗಾನೂ.”

“ಮಿಕ್ಕಿದ್ದಕ್ಕೆ ಗೀರು ಬೀಳಬಾರದು. ನಾನೇ ಉಜ್ತೀನಿ.”

“ಉಜ್ಜು.”

ಶೆಡ್ಡಿನಲ್ಲಿ ಕೇಳುತ್ತಿದ್ದುದು ಎಮರಿ ಕಾಗದದ ಸರಸರ ಒಂದೇ. ನರ್ಸಮ್ಮ ನನ್ನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು, “ಈಗಲೇ ಡಾಕ್ಟರ ಹತ್ರ ಹೋಗಬೇಕು. ಗಾಡಿ ಸ್ಟಾರ್ಟ್ ಆಗ್ಲಿ, ಇದರಲ್ಲೇ ಕರ್ಕೊಂಡು ಹೋಗ್ತೀನಿ” ಎಂದರು. ದನಿ ಬರುತ್ತದೋ ಎಂದು ಕಣ್ಣಲ್ಲೇ ಕೇಳಿದೆ. ಅವರು ಗಲ್ಲದ ಮೇಲಿನ ಗ್ರೀಸು ಒರೆಸಿಕೊಂಡರು.

ಆ ಕಡೆ ಅಣ್ಣತಮ್ಮಂದಿರ ಮಾತು ಒಂದೊಂದೇ ಉದುರುತ್ತಿತ್ತು. ಹಿಡ್ಕೋ. ಬಿಡು. ಇನ್ನೂ ಸ್ವಲ್ಪ. ಹಾಂ, ಹೊಳೀತಿದೆ. ಬೋಲ್ಟ್ ಕೊಡು. ಅದಲ್ಲ, ಉದ್ದದ್ದು. ಅರ್ತ್ ವೈರನ್ನು ಬೋಳು ಕಬ್ಬಿಣಕ್ಕೆ ಕಚ್ಚಿಸಿದರು, ಗೂಡಿನಿಂದ ಹೊಸ ಕ್ಲಚ್ ಕೇಬಲ್ ತೆಗೆದು ಹಾಕಿದರು. ನಮ್ಮೆಜಮಾನರು ಬಟನ್ ಒತ್ತಿದರು. ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ಕೇಬಲ್ ಮುಟ್ಟಿ ನೋಡಿದರು, ತಣ್ಣಗಿತ್ತು.

ನರ್ಸಮ್ಮ ಹ್ಯಾಂಡಲ್ ಹಿಡಿದರು. ನಾನು ಹಿಂದೆ ಹತ್ತಲು ಕಾಲೆತ್ತಿದ್ದೆ. ಅಷ್ಟರಲ್ಲಿ ಮೈದುನ ಎಮರಿ ಕಾಗದವನ್ನು ಮಡಿಸುತ್ತ, ತಲೆ ತಗ್ಗಿಸಿಕೊಂಡೇ ಕೇಳಿದ:

“ಅತ್ತಿಗೆ, ಹಾಗಾದ್ರೆ ಮಿಕ್ಕ ಮಾತುಗಳು? ನೀವು ಬಂದು ಹೇಳ್ತಿದ್ರಲ್ಲ, ‘ನಿನ್ನ ಕೈಚಳಕ ಯಾರಿಗೂ ಬರಲ್ಲ ಅಂತ ನಿಮ್ಮಣ್ಣ ಅಂದ್ರು’ ಅಂತ. ಪ್ರತಿ ಗಾಡಿಗೂ ಹೇಳ್ತಿದ್ರಿ. ಅದೂ ಹೀಗೇನಾ? ಪೇಟೆಯ ದೊಡ್ಡ ಗ್ಯಾರೇಜಿನವರು ಕೆಲಸಕ್ಕೆ ಕರೆದಾಗ ಅದೊಂದು ಮಾತಿಗೇ ನಾನು ಹೋಗಲಿಲ್ಲ.”

ನನ್ನ ಕಾಲು ಅಲ್ಲೇ ನಿಂತಿತು. ಅವರು ಯಾವತ್ತೂ ಹಾಗೆ ಅಂದಿರಲಿಲ್ಲ. ಒಂದು ದಿನವೂ ಅಂದಿರಲಿಲ್ಲ. ಗಾಡಿ ನೋಡಿ ಮೂಗು ಮುರಿದು ಸುಮ್ಮನಾಗುತ್ತಿದ್ದರು. ನಾನೇ ಪರದೆ ದಾಟುವಷ್ಟರಲ್ಲಿ ಆ ಮಾತನ್ನು ಕಟ್ಟಿಕೊಂಡು ಹೋಗಿ ಅವನ ಕಿವಿಗೆ ಹಾಕುತ್ತಿದ್ದೆ. ಅವನು ಕೇಳದವನ ಹಾಗೆ ಗನ್ ತೊಳೆಯುತ್ತಿದ್ದ, ಆದರೆ ಅವತ್ತು ರಾತ್ರಿ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ. ಈಗ ಮುಚ್ಚಿಹಾಕಲು ನನಗೆ ಬಾಯಿಲ್ಲ. ಹೌದು, ಅವರೇ ಅಂದಿದ್ದು ಎಂದು ತಲೆಯಾಡಿಸಿದರೂ ನನ್ನ ಮುಖ ನೋಡಿದರೆ ಅವನಿಗೆ ತಿಳಿಯುತ್ತಿತ್ತು. ನಾನು ನೆಲ ನೋಡಿದೆ.

ನಮ್ಮೆಜಮಾನರು ನನ್ನನ್ನೇ ನೋಡುತ್ತಿದ್ದರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ತಿರುಗಿ, ಟ್ಯಾಂಕನ್ನಲ್ಲ, ಗೋಡೆಯನ್ನಲ್ಲ, ತಮ್ಮನ ಮುಖವನ್ನು ನೋಡಿದರು.

“ಅದು ನಾನೇ ಅಂದಿದ್ದು,” ಎಂದರು.

“ಯಾವಾಗ?”

“ಯಾವಾಗ ಏನು, ಯಾವಾಗ್ಲೂ. ಅಂದಿದೀನಿ ಬಿಡೋ.”

ನಾನು ಗಾಡಿ ಹತ್ತಿ ನರ್ಸಮ್ಮನ ಬೆನ್ನಿಗೆ ಮುಖ ಒತ್ತಿಕೊಂಡು ಅತ್ತೆ. ಅಳುವುದಕ್ಕೂ ದನಿ ಇರಲಿಲ್ಲ, ಯಾರಿಗೂ ಕೇಳಿಸಲಿಲ್ಲ.